ಯುದ್ಧ ಮುಗಿಯಿತು, ಕಲಂ 175 ಉಳಿಯಿತು: ಜರ್ಮನಿಯ ಗೇ, ಲೆಸ್ಬಿಯನ್, ಟ್ರಾನ್ಸ್ ಜನರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬರ್ಲಿನ್‌ಗೆ ಓದಲು, ದುಡಿಯಲು ಹೋದ ನಮ್ಮವರು ಜುಲೈ ಬಂತೆಂದರೆ ಗೇ, ಲೆಸ್ಬಿಯನ್, ಟ್ರಾನ್ಸ್ ಜನರ ಪ್ರೈಡ್ ಮೆರವಣಿಗೆಯ ಫೋಟೊ ಕಳಿಸುತ್ತಾರೆ. ಕಣ್ಣು ಹಾಯಿಸಿದಷ್ಟೂ ಜನ, ಕಾಮನಬಿಲ್ಲಿನ ಬಾವುಟ. ನೋಡಿದವರು 'ಯುರೋಪ್ ಅಲ್ವಾ, ಅಲ್ಲಿ ಮೊದಲಿನಿಂದಲೂ ಹೀಗೇ' ಅಂದುಬಿಡುತ್ತಾರೆ. ಹೀಗಿರಲಿಲ್ಲ. ಅದೇ ಬೀದಿಗಳಲ್ಲಿ ಇದೇ ಜನರ ಹೆಸರಿನ ಪಟ್ಟಿ ಪೊಲೀಸರ ಕೈಯಲ್ಲಿದ್ದ ಕಾಲ ತೀರ ಹಳೆಯದೇನಲ್ಲ. ಆ ಕಾಲದ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಈ ಕಲಂ 175 ಅಂದರೆ ಏನು?

ಗಂಡಸು ಗಂಡಸಿನ ಜೊತೆ ದೈಹಿಕ ಸಂಬಂಧ ಇಟ್ಟುಕೊಂಡರೆ ಅಪರಾಧ ಅಂದ ಕಾನೂನು. ಜರ್ಮನ್ ಸಾಮ್ರಾಜ್ಯದ ದಂಡಸಂಹಿತೆಯ ಜೊತೆ 1872ರ ಜನವರಿ 1ರಂದು ಜಾರಿಗೆ ಬಂತು. ಪೂರ್ತಿ ಹೋದದ್ದು 1994ರಲ್ಲಿ. ಈ 122 ವರ್ಷಗಳಲ್ಲಿ ಸುಮಾರು 1,40,000 ಗಂಡಸರಿಗೆ ಇದರಡಿ ಶಿಕ್ಷೆಯಾಯಿತು.

ಕಾನೂನಿನ ನಂಬರೇ ಬೈಗುಳವೂ ಆಯಿತು. ನಮ್ಮಲ್ಲಿ ಮೋಸಗಾರನನ್ನು 'ಫೋರ್ ಟ್ವೆಂಟಿ' ಅಂತೀವಲ್ಲ, ಹಾಗೆ. ಅಲ್ಲಿ ಗೇ ಗಂಡಸನ್ನು 'ನೂರ ಎಪ್ಪತ್ತೈದರವನು' ಅನ್ನುತ್ತಿದ್ದರು. ಜರ್ಮನರು ತಾರೀಕು ಬರೆಯುವ ರೀತಿಯಲ್ಲಿ ಮೇ 17 ಅಂದರೆ 17.5. ಆ ದಿನ ಹುಟ್ಟಿದ ಹುಡುಗನಿಗೆ ಜೀವನವಿಡೀ ಕೀಟಲೆ ತಪ್ಪುತ್ತಿರಲಿಲ್ಲ.

ನಾತ್ಸಿಗಳು 1935ರಲ್ಲಿ ಈ ಕಲಮನ್ನು ಇನ್ನೂ ಬಿಗಿ ಮಾಡಿದರು. ಮೊದಲು ಸಂಭೋಗದಂಥ ಕ್ರಿಯೆ ನಡೆದಿದೆ ಅಂತ ಕೋರ್ಟಿನಲ್ಲಿ ತೋರಿಸಬೇಕಿತ್ತು. ಆಮೇಲೆ ಮುಟ್ಟಿದರೂ ಸಾಕು, ಆಸೆಯಿಂದ ನೋಡಿದರೂ ಸಾಕು ಎನ್ನುವಂತಾಯಿತು. ಅವರ ಕಾಲದಲ್ಲಿ ಸುಮಾರು 50,000 ಜನರಿಗೆ ಶಿಕ್ಷೆಯಾಯಿತು. 5,000ದಿಂದ 15,000 ಗಂಡಸರನ್ನು ಯಾತನಾ ಶಿಬಿರಗಳಿಗೆ ಕಳಿಸಿದರು. ಅಲ್ಲಿ ಅವರ ಅಂಗಿಯ ಮೇಲೆ ಗುಲಾಬಿ ಬಣ್ಣದ ತ್ರಿಕೋನ ಹೊಲಿದಿರುತ್ತಿತ್ತು.

1945ರಲ್ಲಿ ಹಿಟ್ಲರ್ ಹೋದ ಮೇಲೆ ಇವರಿಗೂ ಬಿಡುಗಡೆ ಸಿಕ್ಕಿರಬೇಕಲ್ವಾ?

ಹಾಗಂತ ಎಲ್ಲರೂ ಅಂದುಕೊಳ್ಳುತ್ತಾರೆ. ಶಿಬಿರದ ಗೇಟೇನೋ ತೆರೆಯಿತು. 1949ರಲ್ಲಿ ಜರ್ಮನಿ ಪೂರ್ವ, ಪಶ್ಚಿಮ ಅಂತ ಎರಡು ದೇಶವಾಯಿತು. ಆದರೆ ನಾತ್ಸಿಗಳು 1935ರಲ್ಲಿ ತಿದ್ದಿದ ಅದೇ ಕಲಮನ್ನು ಪಶ್ಚಿಮ ಜರ್ಮನಿ ಒಂದಕ್ಷರ ಬದಲಿಸದೆ 1969ರವರೆಗೆ ಇಟ್ಟುಕೊಂಡಿತು. ಆ ಇಪ್ಪತ್ತು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಜನರ ಮೇಲೆ ತನಿಖೆ ನಡೆಯಿತು, ಸುಮಾರು 50,000 ಜನರಿಗೆ ಶಿಕ್ಷೆಯಾಯಿತು. ಸರ್ವಾಧಿಕಾರಿಯ ಹನ್ನೆರಡು ವರ್ಷಗಳಲ್ಲಿ ಆದಷ್ಟೇ ಶಿಕ್ಷೆ ಪ್ರಜಾಪ್ರಭುತ್ವದ ಇಪ್ಪತ್ತು ವರ್ಷಗಳಲ್ಲೂ ಆಯಿತು. ಈ ಲೆಕ್ಕವನ್ನು ಮೊದಲ ಸಲ ಓದಿದಾಗ ನಾನು ತಪ್ಪು ಓದಿದೆನೇನೋ ಅಂತ ಮತ್ತೊಮ್ಮೆ ನೋಡಿದ್ದೆ.

ಕಾನೂನೊಂದೇ ಅಲ್ಲ, ಜನರೂ ಅವರೇ. ಪೊಲೀಸರು, ವಕೀಲರು, ನ್ಯಾಯಾಧೀಶರು ಹಳೆಯ ಕುರ್ಚಿಗಳಲ್ಲೇ ಕೂತಿದ್ದರು. ಕಾರ್ಲ್ ಗೊರಾತ್ ಎಂಬುವವರು ಔಷ್ವಿಟ್ಸ್ ಶಿಬಿರದಿಂದ ಬದುಕಿ ಬಂದವರು. ಯುದ್ಧ ಮುಗಿದ ಸ್ವಲ್ಪ ದಿನಕ್ಕೆ ಅವರಿಗೆ ಮತ್ತೆ ಇದೇ ಕಲಮಿನಡಿ ಜೈಲಾಯಿತು. ನಾತ್ಸಿ ಕಾಲದಲ್ಲಿ ಅವರಿಗೆ ಶಿಕ್ಷೆ ಕೊಟ್ಟಿದ್ದ ನ್ಯಾಯಾಧೀಶರೇ ಈಗಲೂ ಕೊಟ್ಟರು.

ಇನ್ನು ಪರಿಹಾರದ ಮಾತು. ನಾತ್ಸಿ ದೌರ್ಜನ್ಯಕ್ಕೆ ತುತ್ತಾದವರಿಗೆ ಪಶ್ಚಿಮ ಜರ್ಮನಿ 1956ರಲ್ಲಿ ಪರಿಹಾರದ ಕಾನೂನು ತಂದಿತು. ಗುಲಾಬಿ ತ್ರಿಕೋನದವರು ಅದರೊಳಗೆ ಸೇರಲಿಲ್ಲ. ಅವರು 'ಅಪರಾಧಿಗಳು' ತಾನೇ, ಅನ್ನುವ ಧೋರಣೆ. ಕೇಳಲು ಹೋದವನು ತಾನು 175ರವನು ಅಂತ ಒಪ್ಪಿಕೊಂಡ ಹಾಗೆ. ಹಾಗಾಗಿ ಜಾಸ್ತಿ ಜನ ಬಾಯೇ ಬಿಡಲಿಲ್ಲ. ಮನೆಯಲ್ಲೂ ಹೇಳಲಿಲ್ಲ.

ಫ್ರಾಂಕ್‌ಫರ್ಟ್‌ನಲ್ಲಿ ಏನಾಯಿತು?

1950-51ರಲ್ಲಿ ಅಲ್ಲಿ ಸಾಲುಸಾಲು ಮೊಕದ್ದಮೆ ನಡೆದವು. ಒಬ್ಬ ಹುಡುಗನನ್ನು ಹಿಡಿದರು. ಅವನು ಹಣಕ್ಕಾಗಿ ಗಂಡಸರ ಜೊತೆ ಹೋಗುತ್ತಿದ್ದವನು. ಅವನ ಬಾಯಿಂದ ಹೆಸರು ಹೇಳಿಸಿದರು. ಆ ಹೆಸರಿನವರನ್ನು ಹಿಡಿದು ಇನ್ನಷ್ಟು ಹೆಸರು ಹೇಳಿಸಿದರು. ಹೆಣಿಗೆಯ ಒಂದು ಎಳೆ ಎಳೆದರೆ ಇಡೀ ಸ್ವೆಟರ್ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ. ನೂರಾರು ಜನರ ಮೇಲೆ ತನಿಖೆ, ಸುಮಾರು ನೂರು ಜನರ ಬಂಧನ. ಕೆಲಸ ಹೋಯಿತು, ಬಾಡಿಗೆ ಮನೆ ಹೋಯಿತು. ಕೆಲವರು ಜೀವ ಕಳೆದುಕೊಂಡರು, ಇನ್ನು ಕೆಲವರು ದೇಶ ಬಿಟ್ಟು ಓಡಿದರು.

ಎಲ್ಲ ನ್ಯಾಯಾಧೀಶರೂ ಹಾಗೇ ಇದ್ದರಾ?

ಇಲ್ಲ. 1951ರಲ್ಲಿ ಹ್ಯಾಂಬರ್ಗ್‌ನ ಒಂದು ಕೋರ್ಟ್ ಇಬ್ಬರು ಗಂಡಸರಿಗೆ ತಲಾ ಮೂರು ಮಾರ್ಕ್ ದಂಡ ಹಾಕಿತು. ಅಷ್ಟೇ! ಕಾನೂನು ಪ್ರಕಾರ ಬಿಡುವಂತಿಲ್ಲ, ಶಿಕ್ಷೆ ಕೊಡಲು ಮನಸ್ಸಿಲ್ಲ. ಅದಕ್ಕೆ ಇದ್ದುದರಲ್ಲೇ ಚಿಕ್ಕ ದಂಡ. ಆ ತೀರ್ಪು 'ಮೂರು ಮಾರ್ಕಿನ ತೀರ್ಪು' ಅಂತಲೇ ಹೆಸರಾಯಿತು. ನಾತ್ಸಿ ಅಪರಾಧಿಗಳನ್ನು ಕೋರ್ಟಿಗೆ ಎಳೆದ ಹೆಸರಾಂತ ಸರ್ಕಾರಿ ವಕೀಲ, ಹೆಸ್ಸೆ ರಾಜ್ಯದ ಫ್ರಿಟ್ಜ್ ಬಾವರ್ ಕೂಡ ಕಲಂ 175ರ ವಿರುದ್ಧ ಮಾತಾಡಿದರು.

ಆದರೆ ಕೊನೆಯ ಮಾತು ಸಂವಿಧಾನ ಕೋರ್ಟಿನದು. 1957ರ ಮೇ 10ರಂದು ಅದು ಕಲಂ 175 ಸರಿಯಾಗಿಯೇ ಇದೆ ಅಂದಿತು. ಗಂಡು ಹೆಣ್ಣು ಸಮಾನ ಅಂತ ಸಂವಿಧಾನ ಹೇಳುತ್ತದೆ, ಹಾಗಿದ್ದರೆ ಗಂಡಸರಿಗೆ ಮಾತ್ರ ಯಾಕೆ ಶಿಕ್ಷೆ ಎಂಬುದು ವಾದ. ಗಂಡು ಹೆಣ್ಣಿನ ದೇಹದ ಸ್ವಭಾವವೇ ಬೇರೆ, ಇಲ್ಲಿ ಸಮಾನತೆಯ ಪ್ರಶ್ನೆ ಬರುವುದಿಲ್ಲ ಎಂಬುದು ಉತ್ತರ. ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ಸೆಕ್ಷನ್ 377ನ್ನು ಎತ್ತಿಹಿಡಿದ ದಿನ ಇಲ್ಲಿ ಎಷ್ಟೋ ಜನರಿಗೆ ಆದ ಆಘಾತ ನೆನಪಿದೆಯಲ್ಲ? ಅವರಿಗೆ ಅಂಥ ದಿನ 1957ರಲ್ಲಿ.

ಅಷ್ಟು ಭಯದಲ್ಲಿ ಇವರು ಒಬ್ಬರನ್ನೊಬ್ಬರು ಹೇಗೆ ಕಂಡುಕೊಳ್ಳುತ್ತಿದ್ದರು?

ಕೆಲವು ಬಾರ್‌ಗಳಿದ್ದವು. ಬಾಗಿಲಿಗೆ ಗಂಟೆ, ಒಂದು ಚಿಕ್ಕ ಕಿಂಡಿ. ಮುಖ ನೋಡಿ ಒಳಗೆ ಬಿಡುತ್ತಿದ್ದರು. ಪಾರ್ಕು, ರೈಲು ನಿಲ್ದಾಣ, ಸಾರ್ವಜನಿಕ ಶೌಚಾಲಯ ಇದ್ದೇ ಇದ್ದವು. ಅಲ್ಲೆಲ್ಲ ಪೊಲೀಸರ ಕಣ್ಣೂ ಇತ್ತು, ಹೆದರಿಸಿ ದುಡ್ಡು ಕೀಳುವವರೂ ಇದ್ದರು.

ಇನ್ನೊಂದು ದಾರಿ ಅಂಚೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ 'ಡೆರ್ ಕ್ರೈಸ್' ಅನ್ನುವ ಗೇ ಪತ್ರಿಕೆ ಬರುತ್ತಿತ್ತು. 'ವೃತ್ತ' ಅಂತ ಅರ್ಥ. ಅಲ್ಲಿ ಸಲಿಂಗ ಸಂಬಂಧ 1942ರಿಂದಲೇ ಅಪರಾಧವಾಗಿರಲಿಲ್ಲ. ಜರ್ಮನಿಯ ಓದುಗರಿಗೆ ಆ ಪತ್ರಿಕೆ ದೊಡ್ಡ ಆಸರೆ. ಬರೆಯುವವರೆಲ್ಲ ಸಾಮಾನ್ಯವಾಗಿ ಸುಳ್ಳು ಹೆಸರಿನಲ್ಲೇ ಬರೆಯುತ್ತಿದ್ದರು. ಊರಲ್ಲಿ ಒಬ್ಬನೇ ಅಂದುಕೊಂಡಿದ್ದವನಿಗೆ ತಿಂಗಳಿಗೊಮ್ಮೆ ಒಂದು ಪತ್ರಿಕೆ ಬಂದರೆ ಹೇಗನಿಸಿರಬೇಕು, ನೀವೇ ಊಹಿಸಿ.

ಹೆಂಗಸರಿಗೆ ಈ ಕಾನೂನು ಇರಲಿಲ್ಲವಂತೆ. ಹಾಗಾದರೆ ಲೆಸ್ಬಿಯನ್ನರು ಆರಾಮಾಗಿದ್ದರಾ?

ಕಾನೂನು ಇರಲಿಲ್ಲ, ನಿಜ. ಆರಾಮು ಇರಲಿಲ್ಲ.

ಆಗಿನ ಪಶ್ಚಿಮ ಜರ್ಮನಿಯಲ್ಲಿ ಹೆಂಗಸು ಗಂಡನಿಲ್ಲದೆ ಬದುಕುವುದೇ ಕಷ್ಟ. ಮನೆಗೆಲಸಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದು ಅನ್ನುವ ನಿಯಮ 1977ರವರೆಗೂ ಇತ್ತು. ವಿಚ್ಛೇದನದಲ್ಲಿ ತಪ್ಪು ಯಾರದು ಅಂತ ಕೋರ್ಟ್ ನೋಡುತ್ತಿತ್ತು. ಹೆಂಡತಿಗೆ ಇನ್ನೊಬ್ಬ ಹೆಂಗಸಿನ ಜೊತೆ ಪ್ರೀತಿ ಇದೆ ಅಂತ ಗೊತ್ತಾದರೆ ಮುಗಿಯಿತು. ಜೀವನಾಂಶ ಇಲ್ಲ. ಮಕ್ಕಳೂ ಅವಳ ಕೈಗೆ ಸಿಗುತ್ತಿರಲಿಲ್ಲ. ಕಲಂ 175ರಡಿ ಜೈಲಿಗೆ ಹೋದವರ ಲೆಕ್ಕ ಸಿಗುತ್ತದೆ. ಹೀಗೆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಲೆಕ್ಕ ಯಾರೂ ಇಡಲಿಲ್ಲ. ರೈನ್‌ಲಂಡ್-ಫಾಲ್ಟ್ಸ್ ರಾಜ್ಯ ಈ ಬಗ್ಗೆ ಅಧ್ಯಯನ ಮಾಡಿಸಿ 2021ರಲ್ಲಿ ಕ್ಷಮೆ ಕೇಳಿತು. ಅಷ್ಟರಲ್ಲಿ ಆ ಮಕ್ಕಳಿಗೇ ಮೊಮ್ಮಕ್ಕಳಾಗುವ ವಯಸ್ಸು.

ಪೂರ್ವ ಜರ್ಮನಿ ಕಮ್ಯುನಿಸ್ಟ್ ದೇಶ. ಅಲ್ಲಿ ಇನ್ನೂ ಕೆಟ್ಟದಾಗಿತ್ತಾ?

ಈ ಪ್ರಶ್ನೆಗೆ ಹೌದು, ಇಲ್ಲ ಎರಡೂ ಉತ್ತರ. ನನಗೆ ತುಂಬ ಹಿಡಿಸಿದ ಕತೆಗಳೂ ಇಲ್ಲೇ ಇರುವುದು.

ಕಾನೂನಿನ ಲೆಕ್ಕದಲ್ಲಿ ಪೂರ್ವ ಮುಂದಿತ್ತು. 1950ರಲ್ಲೇ ಅಲ್ಲಿನ ಕೋರ್ಟ್ ನಾತ್ಸಿ ತಿದ್ದುಪಡಿ ಬಿಟ್ಟು 175ರ ಹಳೆಯ ರೂಪಕ್ಕೆ ಮರಳಿತು. 1950ರ ದಶಕದ ಕೊನೆಗೆ ಒಪ್ಪಿಗೆಯಿದ್ದ ವಯಸ್ಕರ ಮೇಲೆ ಕೇಸು ಹಾಕುವುದು ಹೆಚ್ಚುಕಡಿಮೆ ನಿಂತಿತು. 1968ರ ಹೊಸ ದಂಡಸಂಹಿತೆಯಲ್ಲಿ 175 ಇರಲೇ ಇಲ್ಲ. ಬದಲಿಗೆ ಒಪ್ಪಿಗೆಯ ವಯಸ್ಸಿನ ವಿಚಾರದಲ್ಲಿ ಸಲಿಂಗಿಗಳಿಗೆ ಬೇರೆ ಅಳತೆ ಇಟ್ಟ ಕಲಂ 151 ಬಂತು. 1988ರಲ್ಲಿ ಅದನ್ನೂ ತೆಗೆಯಲು ಸಂಸತ್ತು ಒಪ್ಪಿತು.

ಆದರೆ ಜೈಲಿಗೆ ಹಾಕದಿರುವುದು ಬೇರೆ, ಸೇರಲು ಜಾಗ ಕೊಡುವುದು ಬೇರೆ. ಅಲ್ಲಿ ಸಂಘ ಕಟ್ಟುವಂತಿಲ್ಲ. ಪತ್ರಿಕೆ ತರುವಂತಿಲ್ಲ. ಜೊತೆಗಾರರನ್ನು ಹುಡುಕುವ ಜಾಹೀರಾತು ಹಾಕುವುದೂ ಕಷ್ಟ. ಹಾಗಾಗಿ ಜನ ಸಂದಿಗೊಂದಿಗಳನ್ನು ಹುಡುಕಿಕೊಂಡರು.

ಪೂರ್ವ ಬರ್ಲಿನ್‌ನ ಅಂಚಿನಲ್ಲಿ ಮಾಲ್ಸ್‌ಡೋರ್ಫ್ ಅಂತ ಒಂದು ಊರು. ಶಾರ್ಲೊಟ್ಟೆ ಫಾನ್ ಮಾಲ್ಸ್‌ಡೋರ್ಫ್ ಎಂಬ ಟ್ರಾನ್ಸ್ ಮಹಿಳೆ ಅಲ್ಲಿನ ಪಾಳುಬಿದ್ದ ಬಂಗಲೆಯನ್ನು ರಿಪೇರಿ ಮಾಡಿ 1960ರಲ್ಲಿ ಮ್ಯೂಸಿಯಂ ತೆರೆದರು. ಹತ್ತೊಂಬತ್ತನೇ ಶತಮಾನದ ಕೊನೆಯ ಕಾಲದ ಪೀಠೋಪಕರಣ, ಗಡಿಯಾರ, ಗ್ರಾಮಫೋನ್ ಎಲ್ಲ ಅಲ್ಲಿವೆ. ಬರ್ಲಿನ್‌ನ ಒಂದು ಹಳೆಯ ಹೆಂಡದಂಗಡಿಯನ್ನು ಸರ್ಕಾರ ಕೆಡವಲು ಹೊರಟಾಗ ಅದರ ಸಾಮಾನನ್ನು ತಂದು ತಮ್ಮ ನೆಲಮಾಳಿಗೆಯಲ್ಲಿ ಜೋಡಿಸಿಟ್ಟರು. 1970ರ ದಶಕದಲ್ಲಿ ಅದೇ ನೆಲಮಾಳಿಗೆ ಪೂರ್ವ ಬರ್ಲಿನ್‌ನ ಮೊದಲ ಗೇ-ಲೆಸ್ಬಿಯನ್ ಗುಂಪಿಗೆ ಕೂಡುವ ಜಾಗವಾಯಿತು. ಹಾಡು, ನಾಟಕ, ಹುಟ್ಟುಹಬ್ಬ ಎಲ್ಲ ಅಲ್ಲೇ. 1978ರಲ್ಲಿ ದೇಶದ ಲೆಸ್ಬಿಯನ್ ಹೆಂಗಸರೆಲ್ಲ ಅಲ್ಲಿ ಸೇರಲು ಹೊರಟಾಗ ಪೊಲೀಸರು ತಡೆದರು. ಆಮೇಲೆ ಅಲ್ಲಿ ಕೂಡುವುದಕ್ಕೇ ನಿಷೇಧ. (ಪೂರ್ವ, ಪಶ್ಚಿಮ ಬರ್ಲಿನ್ ನಡುವಿನ ಗೋಡೆ ಬಿದ್ದ ಮೇಲೆ, 1992ರಲ್ಲಿ, ಸರ್ಕಾರ ಶಾರ್ಲೊಟ್ಟೆಗೆ ಪದಕ ಕೊಟ್ಟಿತು. ಅವರು ಹಿಂದೆ ಗುಪ್ತ ಪೊಲೀಸರಿಗೆ ಸುದ್ದಿ ಕೊಡುತ್ತಿದ್ದರು ಅನ್ನುವ ದಾಖಲೆಯೂ ಹೊರಬಂತು. ಅವರನ್ನು ದೇವತೆ ಮಾಡಬೇಕಿಲ್ಲ, ಬಿಸಾಡಲೂ ಬೇಕಿಲ್ಲ.)

ನೆಲಮಾಳಿಗೆ ಮುಚ್ಚಿದರೆ ಮುಂದೇನು? ಚರ್ಚು! ಸರ್ಕಾರದ ಕೈ ಅಷ್ಟಾಗಿ ತಲುಪದ ಜಾಗ ಅಂದರೆ ಆಗ ಪ್ರೊಟೆಸ್ಟೆಂಟ್ ಚರ್ಚು ಮಾತ್ರ. 1982ರಲ್ಲಿ ಲೈಪ್‌ಜಿಗ್‌ನ ವಿದ್ಯಾರ್ಥಿ ಚರ್ಚಿನಲ್ಲಿ ಮೊದಲ ಗುಂಪು ಶುರುವಾಯಿತು. ಆಮೇಲೆ ಬೇರೆ ಊರುಗಳಲ್ಲೂ ಹುಟ್ಟಿಕೊಂಡವು. ದೇವರನ್ನು ನಂಬದವರೂ ಬರುತ್ತಿದ್ದರು. ಗುಪ್ತ ಪೊಲೀಸರ ಬೇಹುಗಾರರೂ ಬಂದು ಕೂರುತ್ತಿದ್ದರು.

1985ರ ಏಪ್ರಿಲ್‌ನಲ್ಲಿ 'ಚರ್ಚಿನಲ್ಲಿ ಲೆಸ್ಬಿಯನ್ನರು' ಎಂಬ ಗುಂಪಿನ ಹನ್ನೊಂದು ಹೆಂಗಸರು ರಾವೆನ್ಸ್‌ಬ್ರುಕ್‌ಗೆ ಹೊರಟರು. ಅದು ನಾತ್ಸಿಗಳು ಹೆಂಗಸರಿಗಾಗಿ ಕಟ್ಟಿದ್ದ ಯಾತನಾ ಶಿಬಿರ. ಅಲ್ಲಿ ಸತ್ತ ಲೆಸ್ಬಿಯನ್ನರ ನೆನಪಿಗೆ ಹೂವಿಡಬೇಕೆಂದು ಹೊರಟವರನ್ನು ಪೊಲೀಸರು ದಾರಿಯಲ್ಲೇ ಹಿಡಿದು ಕೂರಿಸಿದರು. ತಾನು ನಾತ್ಸಿಗಳ ಕಡುವೈರಿ ಅಂತ ಎದೆ ತಟ್ಟಿಕೊಳ್ಳುತ್ತಿದ್ದ ಸರ್ಕಾರ ಅದು. ಹೂವು ಕಂಡರೆ ಅಷ್ಟು ಹೆದರಿಕೆ.

ಎರಡೇ ವರ್ಷ ಕಳೆದು, 1987ರಲ್ಲಿ, ಅದೇ ದೇಶದ ಸುಪ್ರೀಂ ಕೋರ್ಟ್ ಸಲಿಂಗಿಗಳು ಸಮಾಜವಾದಿ ಸಮಾಜದ ಹೊರಗಿನವರಲ್ಲ ಅಂತ ತೀರ್ಪು ಕೊಟ್ಟಿತು. ಅಲ್ಲಿ ತಯಾರಾದ ಮೊದಲ ಗೇ ಚಲನಚಿತ್ರ ಹೈನರ್ ಕಾರೋ ನಿರ್ದೇಶನದ 'ಕಮಿಂಗ್ ಔಟ್'. ಅದರ ಮೊದಲ ಪ್ರದರ್ಶನ ಪೂರ್ವ ಬರ್ಲಿನ್‌ನಲ್ಲಿ ನಡೆದದ್ದು 1989ರ ನವೆಂಬರ್ 9ರ ರಾತ್ರಿ. ಹೌದು, ಗೋಡೆ ತೆರೆದ ಅದೇ ರಾತ್ರಿ. ಜನ ಸಿನಿಮಾ ನೋಡುತ್ತಿದ್ದ ಹೊತ್ತಿನಲ್ಲಿ ಹೊರಗೆ ಅವರ ದೇಶದ ಗಡಿಯೇ ಇಲ್ಲವಾಗುತ್ತಿತ್ತು.

ಪಶ್ಚಿಮದಲ್ಲಿ ಬದಲಾವಣೆ ಯಾವಾಗ ಶುರುವಾಯಿತು?

1969ರ ಸೆಪ್ಟೆಂಬರ್‌ನಿಂದ 21 ದಾಟಿದ ಗಂಡಸರ ನಡುವಿನ ಸಂಬಂಧ ಅಪರಾಧವಲ್ಲ ಅಂತಾಯಿತು. 1973ರಲ್ಲಿ ಆ ವಯಸ್ಸು 18ಕ್ಕೆ ಇಳಿಯಿತು. ಆದರೆ ಕಾನೂನು ಸಡಿಲವಾದ ಕೂಡಲೇ ಯಾರೂ ಬೀದಿಗೆ ಬರಲಿಲ್ಲ. ಬೀದಿಗೆ ತಂದದ್ದು ಒಂದು ಸಿನಿಮಾ.

1971ರಲ್ಲಿ ರೋಸಾ ಫಾನ್ ಪ್ರೌನ್‌ಹೈಮ್ ಎಂಬ ಯುವ ನಿರ್ದೇಶಕ ಒಂದು ಚಿತ್ರ ಮಾಡಿದರು. 'ವಿಕೃತಿ ಇರುವುದು ಸಲಿಂಗಿಯಲ್ಲಲ್ಲ, ಅವನು ಬದುಕುತ್ತಿರುವ ಪರಿಸ್ಥಿತಿಯಲ್ಲಿ' ಅಂತ ಅದರ ಹೆಸರಿನ ಅರ್ಥ. ತಮಾಷೆ ಏನೆಂದರೆ ಅದು ಬೈದದ್ದು ಹೊರಗಿನವರನ್ನು ಮಾತ್ರವಲ್ಲ, ಗೇ ಗಂಡಸರನ್ನೂ. ಕತ್ತಲಲ್ಲಿ ಅಡಗಿ, ಚೆಂದದ ಬಟ್ಟೆ ತೊಟ್ಟು, ಸುಮ್ನೆ ಇದ್ದುಬಿಡುತ್ತೀರಲ್ಲ ಅಂತ. ನೋಡಿದವರಿಗೆ ಸಿಟ್ಟು ಬಂತು. ಸಿನಿಮಾ ಮುಗಿದ ಮೇಲೆ ಜಗಳ, ಚರ್ಚೆ. ಆ ಚರ್ಚೆಯಿಂದಲೇ ಊರೂರಲ್ಲಿ ಗುಂಪು ಹುಟ್ಟಿದವು. 1972ರ ಏಪ್ರಿಲ್‌ನಲ್ಲಿ ಮ್ಯುನ್‌ಸ್ಟರ್ ಪಟ್ಟಣದಲ್ಲಿ ದೇಶದ ಮೊದಲ ಗೇ ಮೆರವಣಿಗೆ ನಡೆಯಿತು. 1973ರಲ್ಲಿ ಈ ಚಿತ್ರ ರಾಷ್ಟ್ರೀಯ ಟಿವಿಯಲ್ಲಿ ಬಂದಾಗ ಬವೇರಿಯಾದ ಚಾನೆಲ್ ತನ್ನ ಪಾಡಿಗೆ ಬೇರೇನೋ ಹಾಕಿಕೊಂಡಿತು. ಗೋಡೆಯಾಚೆ ಪೂರ್ವದವರು ಮಾತ್ರ ಆಂಟೆನಾ ತಿರುಗಿಸಿ ನೋಡಿದರು. ಮಾಲ್ಸ್‌ಡೋರ್ಫ್‌ನ ನೆಲಮಾಳಿಗೆಯ ಗುಂಪು ಹುಟ್ಟಿದ್ದೂ ಅದೇ ವರ್ಷ.

'ಶ್ವೂಲ್' ಅನ್ನುವುದು ಅಲ್ಲಿ ಗೇ ಗಂಡಸರಿಗೆ ಬೈಗುಳ. ಈ ಹುಡುಗರು ಅದನ್ನೇ ಎತ್ತಿಕೊಂಡು 'ಹೌದು, ನಾವು ಶ್ವೂಲ್' ಅಂದರು. ಗುಲಾಬಿ ತ್ರಿಕೋನವನ್ನೂ ತಾವೇ ಎದೆಗೆ ಚುಚ್ಚಿಕೊಂಡು ಓಡಾಡಿದರು. ಬರ್ಲಿನ್‌ನ ಮೊದಲ ಪ್ರೈಡ್ 1979ರಲ್ಲಿ. ಬಂದವರು ನಾನೂರೈವತ್ತು ಜನ ಇದ್ದರೇನೋ, ಅಷ್ಟೇ.

ಅವರೊಳಗೆ ಎಲ್ಲರೂ ಒಗ್ಗಟ್ಟಾಗಿದ್ದರಾ?

ಎಲ್ಲಿಯ ಒಗ್ಗಟ್ಟು! 1973ರ ಬರ್ಲಿನ್ ಮೆರವಣಿಗೆಯಲ್ಲಿ ಕೆಲವರು ಸೀರಿಯಸ್ಸಾಗಿ ಘೋಷಣೆ ಕೂಗುತ್ತ ನಡೆದರೆ, ಇನ್ನು ಕೆಲವರು ಲಂಗ ತೊಟ್ಟು ಲಿಪ್‌ಸ್ಟಿಕ್ ಹಚ್ಚಿ ಕುಣಿದರು. 'ನೀವು ಹೀಗೆ ಬಂದರೆ ಕಾರ್ಮಿಕರು ನಮ್ಮ ಜೊತೆ ಬರುವುದಿಲ್ಲ' ಅಂತ ಒಂದು ಬಣ. 'ಮರ್ಯಾದಸ್ಥರಾಗಿ ಕಂಡರೆ ಮಾತ್ರ ಹಕ್ಕಾ?' ಅಂತ ಇನ್ನೊಂದು. ಈ ಜಗಳ ತಿಂಗಳುಗಟ್ಟಲೆ ನಡೆಯಿತು. ಹೆಂಗಸರು ಗಂಡಸರ ಗುಂಪಿನಿಂದ ಹೊರಬಂದು ತಮ್ಮದೇ ಕೇಂದ್ರ ಕಟ್ಟಿಕೊಂಡರು.

ಮೈಬಣ್ಣದ ಪ್ರಶ್ನೆ ಇನ್ನೂ ತಡವಾಗಿ ಬಂತು. ಅಮೆರಿಕದ ಕಪ್ಪು ಲೆಸ್ಬಿಯನ್ ಕವಿ ಆಡ್ರಿ ಲಾರ್ಡ್ 1984ರಲ್ಲಿ ಪಾಠ ಮಾಡಲು ಪಶ್ಚಿಮ ಬರ್ಲಿನ್‌ಗೆ ಬಂದರು. ಅವರ ಸುತ್ತ ಸೇರಿದ ಕಪ್ಪು ಜರ್ಮನ್ ಹೆಂಗಸರಲ್ಲಿ ಕವಿ ಮೇ ಆಯಿಮ್ ಕೂಡ ಒಬ್ಬರು. 'ಆಫ್ರೋ-ಜರ್ಮನ್' ಅನ್ನುವ ಹೆಸರನ್ನು ತಮಗೆ ತಾವೇ ಇಟ್ಟುಕೊಂಡದ್ದು ಆ ಕೂಟದಲ್ಲಿ. ಜರ್ಮನಿಯಲ್ಲೇ ಹುಟ್ಟಿ ಬೆಳೆದರೂ 'ನಿನ್ನ ಊರು ಯಾವುದು?' ಅಂತ ಕೇಳಿಸಿಕೊಂಡೇ ಸಾಕಾಗಿದ್ದವರು ಅವರು. ಟರ್ಕಿಯಿಂದ ದುಡಿಯಲು ಬಂದವರ ಮಕ್ಕಳಿಗೂ ಹಾಗೇ. ಗೇ ಬಾರ್‌ನಲ್ಲಿ ಅವರು ಟರ್ಕಿಯವರು, ಮನೆಯಲ್ಲಿ ಮೌನ. 1990ರ ದಶಕದ ಕೊನೆಯಲ್ಲಿ ಬರ್ಲಿನ್‌ನ ಕ್ರಾಯ್ಸ್‌ಬರ್ಗ್ ಬಡಾವಣೆಯ ಒಂದು ಕ್ಲಬ್ಬಿನಲ್ಲಿ 'ಗೇಹಾನೆ' ಎಂಬ ಕುಣಿತದ ರಾತ್ರಿಗಳು ಶುರುವಾದವು. ಟರ್ಕಿಯ, ಅರಬ್ಬರ ಹಾಡುಗಳಿಗೆ ಗಂಡಸರು ಗಂಡಸರ ಜೊತೆ, ಹೆಂಗಸರು ಹೆಂಗಸರ ಜೊತೆ ಕುಣಿಯುವ ಜಾಗ.

ಏಡ್ಸ್ ಬಂದಾಗ?

ಬವೇರಿಯಾ ರಾಜ್ಯ 1987ರಲ್ಲಿ ಕಡ್ಡಾಯ ಪರೀಕ್ಷೆಯಂಥ ಕಠಿಣ ಕ್ರಮಕ್ಕೆ ಕೈಹಾಕಿತು. ಕೇಂದ್ರದ ಆರೋಗ್ಯ ಸಚಿವೆ ರೀಟಾ ಸ್ಯುಸ್‌ಮುತ್ ಬೇರೆ ದಾರಿ ಹಿಡಿದರು: ಹೆದರಿಸಬೇಡಿ, ತಿಳಿಸಿಹೇಳಿ. 1983ರಲ್ಲೇ ಹುಟ್ಟಿದ್ದ ಏಡ್ಸ್ ನೆರವು ಸಂಸ್ಥೆಗೆ ಸರ್ಕಾರದ ಹಣ ಹರಿಯಿತು. ಕೊನೆಗೆ ಗೆದ್ದದ್ದು ಸ್ಯುಸ್‌ಮುತ್ ದಾರಿಯೇ. ಸರ್ಕಾರ ಮತ್ತು ಗೇ ಗುಂಪುಗಳು ಒಂದೇ ಮೇಜಿಗೆ ಕೂತದ್ದು ಈ ರೋಗದ ದೆಸೆಯಿಂದ.

ಟ್ರಾನ್ಸ್ ಜನರ ಕಾನೂನು ಹೇಗಿತ್ತು?

1981ರಿಂದ ಹೆಸರು, ಲಿಂಗ ಬದಲಿಸಿಕೊಳ್ಳಲು ಕಾನೂನು ಇತ್ತು. ಆದರೆ ದಾಖಲೆಯಲ್ಲಿ ಲಿಂಗ ಬದಲಾಗಬೇಕಾದರೆ ಶಸ್ತ್ರಚಿಕಿತ್ಸೆ ಆಗಿರಬೇಕು, ಮುಂದೆ ಮಕ್ಕಳಾಗದಂತೆ ಮಾಡಿಸಿಕೊಂಡಿರಬೇಕು, ಮದುವೆಯಾಗಿದ್ದರೆ ಮುರಿದುಕೊಳ್ಳಬೇಕು. ಸಂವಿಧಾನ ಕೋರ್ಟ್ ಈ ಷರತ್ತುಗಳನ್ನು ಒಂದೊಂದಾಗಿ ಕಿತ್ತುಹಾಕಿತು. ಶಸ್ತ್ರಚಿಕಿತ್ಸೆಯ ಷರತ್ತು ಹೋದದ್ದು 2011ರಲ್ಲಿ. ಈಗ, 2024ರ ನವೆಂಬರ್‌ನಿಂದ, ನೋಂದಣಿ ಕಚೇರಿಯಲ್ಲಿ ಹೇಳಿಕೆ ಕೊಟ್ಟರೆ ಸಾಕು.

ಕಲಂ 175 ಕೊನೆಗೆ ಹೋದದ್ದು ಹೇಗೆ? ಶಿಕ್ಷೆ ಅನುಭವಿಸಿದವರಿಗೆ ಏನು ಸಿಕ್ಕಿತು?

ಪೂರ್ವದ ದೆಸೆಯಿಂದ ಹೋಯಿತು ಅಂದರೂ ತಪ್ಪಿಲ್ಲ. 1990ರಲ್ಲಿ ಎರಡೂ ದೇಶ ಒಂದಾದವು. ಪೂರ್ವದಲ್ಲಿ ಇಂಥ ಕಲಂ ಇಲ್ಲ, ಪಶ್ಚಿಮದಲ್ಲಿ ಇದೆ. ಒಂದೇ ದೇಶಕ್ಕೆ ಎರಡು ಕಾನೂನು ಎಷ್ಟು ದಿನ? 1994ರ ಜೂನ್‌ನಲ್ಲಿ ಕಲಮನ್ನು ಅಳಿಸಿದರು.

ಹಳೆಯ ಶಿಕ್ಷೆಗಳು ಮಾತ್ರ ದಾಖಲೆಯಲ್ಲಿ ಹಾಗೇ ಉಳಿದವು. ನಾತ್ಸಿ ಕಾಲದ ತೀರ್ಪುಗಳನ್ನು ಸಂಸತ್ತು 2002ರಲ್ಲಿ ರದ್ದು ಮಾಡಿತು. ಯುದ್ಧದ ನಂತರದವನ್ನು ರದ್ದು ಮಾಡಲು 2017 ಬರಬೇಕಾಯಿತು. ಪರಿಹಾರ ಒಂದು ಶಿಕ್ಷೆಗೆ 3,000 ಯೂರೊ, ಜೈಲಿನಲ್ಲಿ ಕಳೆದ ಪ್ರತಿ ವರ್ಷಕ್ಕೆ 1,500 ಯೂರೊ. ಅರ್ಜಿ ಹಾಕಿದವರು ಕೆಲವೇ ನೂರು ಜನ. ಉಳಿದವರಲ್ಲಿ ಬಹಳಷ್ಟು ಜನ ತೀರಿಹೋಗಿದ್ದರು. ಬದುಕಿದ್ದವರಲ್ಲೂ ಎಂಬತ್ತು ದಾಟಿದ ಮೇಲೆ ಮತ್ತೆ ಆ ಕಡತ ತೆರೆಯಲು ಎಷ್ಟು ಜನರಿಗೆ ಮನಸ್ಸು ಬಂದೀತು?

ಅದೇ 2017ರ ಜೂನ್ 30ರಂದು ಸಂಸತ್ತು 393-226 ಮತಗಳಿಂದ ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟಿತು. ಮತಕ್ಕೆ ದಾರಿ ಬಿಟ್ಟುಕೊಟ್ಟ ಚಾನ್ಸಲರ್ ಆಂಗೆಲಾ ಮೆರ್ಕೆಲ್ ತಾವು ಮಾತ್ರ 'ಬೇಡ' ಅಂತ ಮತ ಹಾಕಿದರು.

ಇದಕ್ಕೂ ಭಾರತಕ್ಕೂ ಏನಾದರೂ ನಂಟಿದೆಯಾ?

ಒಂದು ನಂಟಿದೆ. ಬರ್ಲಿನ್‌ನ ವೈದ್ಯ ಮಾಗ್ನುಸ್ ಹಿರ್ಶ್‌ಫೆಲ್ಡ್ ಈ ಕಲಮಿನ ವಿರುದ್ಧ 1897ರಲ್ಲೇ ಸಂಘ ಕಟ್ಟಿದವರು. 1931ರಲ್ಲಿ ಲೋಕ ಸುತ್ತುತ್ತ ಭಾರತಕ್ಕೂ ಬಂದಿದ್ದರು. ತಿರುಗಿ ತಮ್ಮ ಊರಿಗೆ ಹೋಗಲು ಆಗಲೇ ಇಲ್ಲ. 1933ರ ಮೇ ತಿಂಗಳಲ್ಲಿ ನಾತ್ಸಿಗಳು ಅವರ ಸಂಸ್ಥೆಗೆ ನುಗ್ಗಿ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ಅವರು ಫ್ರಾನ್ಸಿನಲ್ಲಿ ತೀರಿಕೊಂಡರು.

ಬರ್ಲಿನ್‌ಗೆ ಹೋದರೆ ಏನು ನೋಡಬೇಕು?

ನೊಲೆಂಡೋರ್ಫ್‌ಪ್ಲಾಟ್ಸ್ ಮೆಟ್ರೊ ನಿಲ್ದಾಣದ ಗೋಡೆಯಲ್ಲಿ 1989ರಲ್ಲಿ ಇಟ್ಟ ಗುಲಾಬಿ ಕಲ್ಲಿನ ತ್ರಿಕೋನವಿದೆ. ಅದರ ಮೇಲಿನ ಎರಡು ಜರ್ಮನ್ ಪದಗಳ ಅರ್ಥ 'ಹೊಡೆದು ಕೊಂದರು, ಸುದ್ದಿಯೇ ಎತ್ತದೆ ಮರೆಸಿದರು'. ಶ್ವೂಲೆಸ್ ಮ್ಯೂಸಿಯಂ 1985ರಿಂದ ಇದೆ. ಪುರಸೊತ್ತಿದ್ದರೆ ಮಾಲ್ಸ್‌ಡೋರ್ಫ್‌ಗೂ ಹೋಗಿ ಬನ್ನಿ, ಆ ನೆಲಮಾಳಿಗೆ ಹಾಗೇ ಇದೆ.

ಟೀರ್‌ಗಾರ್ಟನ್ ಪಾರ್ಕಿನ ಅಂಚಿನಲ್ಲಿ 2008ರ ಸ್ಮಾರಕವಿದೆ. ಬೂದು ಬಣ್ಣದ ಒಂದು ದೊಡ್ಡ ಕಾಂಕ್ರೀಟ್ ಪೆಟ್ಟಿಗೆ, ಅದಕ್ಕೊಂದು ಚಿಕ್ಕ ಕಿಟಕಿ. ಹತ್ತಿರ ಹೋಗಿ ಇಣುಕಿದರೆ ಒಳಗೆ ಒಂದು ಪುಟ್ಟ ಚಿತ್ರ ಓಡುತ್ತಿರುತ್ತದೆ. ಇಬ್ಬರು ಮುತ್ತಿಡುತ್ತಿರುತ್ತಾರೆ. ಮೊದಲು ಇದ್ದದ್ದು ಗಂಡಸರ ಮುತ್ತು ಮಾತ್ರ. ನಮ್ಮನ್ನು ಇಲ್ಲೂ ಮರೆತಿರಲ್ಲ ಅಂತ ಹೆಂಗಸರು ಕೇಳಿದ ಮೇಲೆ ಚಿತ್ರ ಬದಲಾಯಿತು. ಆ ಗಾಜನ್ನು ಕಿಡಿಗೇಡಿಗಳು ಒಂದಕ್ಕಿಂತ ಹೆಚ್ಚು ಸಲ ಒಡೆದಿದ್ದಾರೆ. ಪ್ರತಿ ಸಲವೂ ಹೊಸ ಗಾಜು ಕೂರಿಸಿದ್ದಾರೆ.